ಸದ್ದು ಮಾಡುತ್ತಿದ್ದ ಡಿಸ್ಕುಗಳು

ಹಾರ್ಡ್ ಡಿಸ್ಕ್ ಕೈಕೊಟ್ಟಿದೆ ಎಂದು ಯಾರಾದರೂ ಸಿಪಿಯು ಡಬ್ಬಿಯನ್ನು ರಿಕ್ಷಾದಲ್ಲಿ ಹಾಕಿಕೊಂಡು ಬಂದರೆ, ಮುಂಬಯಿಯ ಬೊರಿವಲಿ ಪಶ್ಚಿಮದ ಒಂದು ರಿಪೇರಿ ಅಂಗಡಿಯವರು ಮೊದಲು ಮಾಡುತ್ತಿದ್ದ ಕೆಲಸ ಫ್ಯಾನ್ ಬಂದ್ ಮಾಡುವುದು. ಆಮೇಲೆ ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಡಿಸ್ಕಿನ ಮೈಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಕರೆಂಟು ಕೊಡು ಎಂದು ಹುಡುಗನಿಗೆ ಸನ್ನೆ ಮಾಡುತ್ತಿದ್ದರು. ಒಂದೇ ಸಮನೆ ‘ಗುಂಯ್’ ಎಂದರೆ ಮೋಟರಿಗೆ ಏನೂ ಆಗಿಲ್ಲ, ತೊಂದರೆ ಬೇರೆಲ್ಲೋ ಇದೆ. ‘ಟಕ್, ಟಕ್, ಟಕ್’ ಎಂದರೆ ಓದುವ ಹೆಡ್ಡು ದಾರಿ ತಪ್ಪಿದೆ. ಏನೂ ಕೇಳಿಸದಿದ್ದರೆ ಅಡಿಯ ಹಸಿರು ಬೋರ್ಡು ಸುಟ್ಟಿದೆ. ಅದು ಒಂದು ಲೆಕ್ಕದಲ್ಲಿ ಒಳ್ಳೆಯ ಸುದ್ದಿ, ಅದೇ ಮಾಡೆಲಿನ ಇನ್ನೊಂದು ಬೋರ್ಡು ಸಿಕ್ಕರೆ ಆಸೆ ಉಂಟು. ‘ಕಿರ್ರ್’ ಎಂದು ಕೆರೆದ ಸದ್ದು ಬಂದರೆ ಮಾತ್ರ ಅವರು ಸ್ಕ್ರೂಡ್ರೈವರ್ ಕೆಳಗಿಟ್ಟು ಗಿರಾಕಿಗೆ ಚಹಾ ತರಿಸುತ್ತಿದ್ದರು.

ಸುತ್ತಲಿನ ಹೋಟೆಲಿನವರ, ಸಂಘದವರ ಬಾಯಲ್ಲಿ ಅವರು ‘ಕಂಪ್ಯೂಟರಣ್ಣ’. ಕಾರ್ಕಳದ ಕಡೆಯಿಂದ ಮೀಸೆ ಮೂಡುವ ವಯಸ್ಸಿಗೆ ಬೊಂಬಾಯಿಯ ಬಸ್ಸು ಹತ್ತಿದವರು. ಕರಾವಳಿಯ ಎಷ್ಟೋ ಹುಡುಗರಂತೆ ಅವರದೂ ಅದೇ ಕತೆ: ಹಗಲು ಮಾವನ ಹೋಟೆಲಿನಲ್ಲಿ ಮೇಜು ಒರೆಸುವುದು, ಸಂಜೆ ಕನ್ನಡ ರಾತ್ರಿಶಾಲೆ, ಮಲಗುವುದು ಹೋಟೆಲಿನ ಅಟ್ಟದ ಮೇಲೆ. ಮುಂಬಯಿಯ ರಾತ್ರಿಶಾಲೆಗಳು ಒಂದು ಇಡೀ ತಲೆಮಾರಿನ ಹೋಟೆಲ್ ಹುಡುಗರನ್ನು ವಕೀಲರನ್ನಾಗಿ, ಬ್ಯಾಂಕಿನವರನ್ನಾಗಿ, ಲೇಖಕರನ್ನಾಗಿ ಮಾಡಿದವು. ಇವರನ್ನು ಹಾರ್ಡ್‌ವೇರ್ ಮೆಕ್ಯಾನಿಕ್ ಮಾಡಿದವು ಎಂದರೆ ತಪ್ಪಲ್ಲ. ಮೆಟ್ರಿಕ್ ಮುಗಿದ ಮೇಲೆ ಸಂಜೆಯ ಹಾರ್ಡ್‌ವೇರ್ ಕೋರ್ಸು ಸೇರಿದರು. ಮಾವ ಒಪ್ಪಿದ್ದು ಒಂದೇ ಕಾರಣಕ್ಕೆ. ಗಲ್ಲೆಯಲ್ಲಿ ಹೊಸದಾಗಿ ಬಂದು ಕೂತಿದ್ದ ಬಿಲ್ಲಿಂಗ್ ಕಂಪ್ಯೂಟರು ಪದೇ ಪದೇ ಕೆಡುತ್ತಿತ್ತು, ಬಂದು ನೋಡಿದವನು ಪ್ರತಿ ಸಲವೂ ಕೈಚಾಚುತ್ತಿದ್ದ.

ಆ ಕಾಲದಲ್ಲಿ ಬಿಡಿಭಾಗ ಬೇಕೆಂದರೆ ಲ್ಯಾಮಿಂಗ್ಟನ್ ರೋಡ್. ಬೋರ್ಡಿನ ಮೇಲೆ ಡಾ. ದಾದಾಸಾಹೇಬ್ ಭಡಕಮ್ಕರ್ ಮಾರ್ಗ ಎಂದಿದೆ, ರೈಲಿನಲ್ಲಿ ಯಾರೂ ಹಾಗೆ ಹೇಳಿದ್ದು ಕೇಳಿಲ್ಲ. ಬೊರಿವಲಿಯಲ್ಲಿ ಫಾಸ್ಟ್ ಹಿಡಿದು ಮುಂಬಯಿ ಸೆಂಟ್ರಲ್‌ನಲ್ಲಿ ಇಳಿದರೆ ನಡೆದೇ ಹೋಗಬಹುದು. ಗ್ರಾಂಟ್ ರೋಡಿನ ಬಾಗಿಲಿಗೇ ಇಳಿಯಬೇಕೆಂದರೆ ಸ್ಲೋ ಹಿಡಿಯಬೇಕು. ಹೋಗುವಾಗ ಕಷ್ಟವಿಲ್ಲ. ಕಷ್ಟ ಬರುವಾಗ. ಸಂಜೆಯ ಗರ್ದಿಯಲ್ಲಿ ಹಾರ್ಡ್ ಡಿಸ್ಕನ್ನು ಸ್ಪಂಜಿನಲ್ಲಿ ಸುತ್ತಿ, ಚೀಲವನ್ನು ಎದೆಗವಚಿ, ಮೊಣಕೈ ಚಾಚಿ ನಿಲ್ಲಬೇಕು. ಒಂದು ಗುದ್ದು ಬಿದ್ದರೂ ಹೊಸ ಡಿಸ್ಕು ಬೊರಿವಲಿ ತಲುಪುವ ಮೊದಲೇ ಹಳತಾದೀತು. ಇನ್ನು ತಪ್ಪಿ ವಿರಾರ್ ಫಾಸ್ಟ್ ಹತ್ತಿದರೆ ವಿರಾರಿನವರು ಬೊರಿವಲಿಯಲ್ಲಿ ಇಳಿಯಲು ದಾರಿ ಬಿಟ್ಟಾರು ಎಂಬ ಭರವಸೆ ಇರಲಿಲ್ಲ. ಪಶ್ಚಿಮ ರೈಲ್ವೆಯ ಪ್ರಯಾಣಿಕರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಷ್ಟು ನಾಜೂಕು ಏಕೆ ಎಂಬುದು ಅವರಿಗೆ ಮನದಟ್ಟಾದದ್ದು ಸತ್ತ ಡಿಸ್ಕೊಂದನ್ನು ಬಿಚ್ಚಿದ ದಿನ. ನಕ್ಷತ್ರದಾಕಾರದ ತಲೆಯ ಸ್ಕ್ರೂಗಳು, ಒಂದು ಮಾತ್ರ ಲೇಬಲಿನ ಅಡಿಯಲ್ಲಿ ಅಡಗಿರುತ್ತದೆ. ಮುಚ್ಚಳ ತೆಗೆದರೆ ಒಳಗೆ ಮುಖ ಕಾಣುವಷ್ಟು ನುಣುಪಾದ ತಟ್ಟೆ. ಅದರ ಮೇಲೆ ಚಾಚಿದ ಸಣ್ಣ ತೋಳು, ತೋಳಿನ ತುದಿಯಲ್ಲಿ ಎಳ್ಳಿಗಿಂತ ಚಿಕ್ಕ ಹೆಡ್ಡು. ತಟ್ಟೆ ನಿಮಿಷಕ್ಕೆ 7200 ಸುತ್ತು ತಿರುಗುವಾಗ ಏಳುವ ಗಾಳಿಯ ತೆಳು ಪದರದ ಮೇಲೆ ಆ ಹೆಡ್ಡು ತೇಲುತ್ತದೆ. ತಟ್ಟೆಗೂ ಅದಕ್ಕೂ ನಡುವಿನ ಅಂತರ ಕೆಲವು ನ್ಯಾನೋಮೀಟರು ಮಾತ್ರ. ಒಂದು ಧೂಳಿನ ಕಣ ನುಸುಳಿದರೂ ಮುಗಿಯಿತು. ಲ್ಯಾಪ್‌ಟಾಪಿನ ಡಿಸ್ಕುಗಳಲ್ಲಿ ಆ ತಟ್ಟೆ ಹೆಚ್ಚಾಗಿ ಗಾಜಿನದು, ಬಗ್ಗಿಸಲು ಹೋದರೆ ಚೂರುಚೂರು. ಡೆಸ್ಕ್‌ಟಾಪಿನ ಅಲ್ಯೂಮಿನಿಯಂ ತಟ್ಟೆಗಳನ್ನು ಅವರು ಎಸೆಯಲಿಲ್ಲ. ದಾರ ಕಟ್ಟಿ ಬಾಲ್ಕನಿಯಲ್ಲಿ ನೇತುಹಾಕಿದರೆ ಪಾರಿವಾಳದ ಕಾಟ ಕಡಿಮೆಯಾಗುತ್ತದೆಂದು ಕಟ್ಟಡದ ಹೆಂಗಸರು ಸಾಲಾಗಿ ಬಂದು ಕೇಳಿ ಒಯ್ದರು. ಡಿಸ್ಕಿನೊಳಗಿನ ಅಯಸ್ಕಾಂತಕ್ಕೂ ಬೇಡಿಕೆ ಇತ್ತು. ಫ್ರಿಜ್ಜಿಗೆ ಅಂಟಿಸಿದರೆ ಕೀಳಲು ಎರಡು ಕೈ ಬೇಕು.

ಈ ತಿರುಗುವ ತಟ್ಟೆಯ ವಂಶ ಶುರುವಾದದ್ದು 1956ರಲ್ಲಿ, ಐಬಿಎಂ ಕಂಪನಿಯ ರಾಮ್ಯಾಕ್ ಎಂಬ ಯಂತ್ರದೊಂದಿಗೆ. ಎರಡು ಅಡಿ ವ್ಯಾಸದ 50 ತಟ್ಟೆಗಳು ಒಂದರ ಮೇಲೊಂದು, ಎಲ್ಲ ಸೇರಿ ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ. ಇವತ್ತಿನ ಫೋನಿನ ಒಂದು ಫೋಟೋ ಅದರಲ್ಲಿ ಹಿಡಿದರೆ ಹೆಚ್ಚು. ಅಲ್ಲಿಂದ ಮುಂದೆ ಅರ್ಧ ಶತಮಾನ ತಟ್ಟೆ ಕುಗ್ಗಿತು, ಸಾಮರ್ಥ್ಯ ಉಬ್ಬಿತು. ಕಾಂತದ ಅತಿ ಸೂಕ್ಷ್ಮ ಗುರುತುಗಳನ್ನೂ ಹೆಡ್ಡು ಓದುವಂತೆ ಮಾಡಿದ ಭೌತವಿಜ್ಞಾನಕ್ಕೆ 2007ರಲ್ಲಿ ಆಲ್ಬರ್ಟ್ ಫೆರ್ ಮತ್ತು ಪೀಟರ್ ಗ್ರುನ್‌ಬರ್ಗ್ ಅವರಿಗೆ ನೊಬೆಲ್ ಬಂತು. ಆದರೆ ಒಂದು ವಿಷಯ ಮಾತ್ರ ಹೆಚ್ಚು ಬದಲಾಗಲಿಲ್ಲ. ಬೇಕಾದ ಮಾಹಿತಿ ತಟ್ಟೆಯಲ್ಲಿ ಎಲ್ಲಿದೆಯೋ ಅಲ್ಲಿಗೆ ತೋಳು ಹೋಗಬೇಕು, ಆ ಜಾಗ ತಿರುಗಿ ಹೆಡ್ಡಿನ ಕೆಳಗೆ ಬರಬೇಕು. 7200 ಸುತ್ತಿನ ತಟ್ಟೆ ಒಂದು ಸುತ್ತು ತಿರುಗಲು ಸೆಕೆಂಡಿನ ಸಾವಿರದಲ್ಲಿ ಎಂಟು ಭಾಗಕ್ಕಿಂತ ತುಸು ಹೆಚ್ಚು ಕಾಲ ಬೇಕು. ಪ್ರೊಸೆಸರ್ ಎಷ್ಟೇ ಚುರುಕಾಗಲಿ, ಚದುರಿಬಿದ್ದ ಚೂರುಗಳನ್ನು ಡಿಸ್ಕು ಸೆಕೆಂಡಿಗೆ ನೂರರ ಆಸುಪಾಸಿನಲ್ಲಷ್ಟೇ ಹೆಕ್ಕಿ ಕೊಡಬಲ್ಲದು. ಕಂಪ್ಯೂಟರ್ ಮುಂದೆ ಮನುಷ್ಯ ಕಾದ ಕಾಲದ ಬಹುಪಾಲು ಆ ತೋಳಿಗಾಗಿ ಕಾದದ್ದು.

ಚಲಿಸುವ ಭಾಗವೇ ಇಲ್ಲದ ನೆನಪು ಎಂಬ ಯೋಚನೆ ಮುಂಬಯಿಗೆ ಹೊಸತೇನಲ್ಲ ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಆರ್. ನರಸಿಂಹನ್ ಮತ್ತು ತಂಡ ಕಟ್ಟಿ 1960ರಲ್ಲಿ ಚಾಲೂ ಮಾಡಿದ, 1962ರಲ್ಲಿ ನೆಹರೂ ಟಿಫ್ರ್ಯಾಕ್ ಎಂದು ಹೆಸರಿಟ್ಟ ಕಂಪ್ಯೂಟರಿನ ಮುಖ್ಯ ನೆನಪು ಫೆರೈಟ್ ಉಂಗುರಗಳದ್ದು. ತಂತಿಯಲ್ಲಿ ಪೋಣಿಸಿದ ಸಣ್ಣ ಕಾಂತದ ಉಂಗುರಗಳು; ಮೋಟರಿಲ್ಲ, ತಟ್ಟೆಯಿಲ್ಲ, ಕರೆಂಟು ಹೋದರೂ ಉಂಗುರ ತನ್ನ ಗುರುತು ಬಿಡದು. ಹಿಡಿಯುತ್ತಿದ್ದದ್ದು 2048 ಪದ ಮಾತ್ರ. ಮಂಗಳೂರಿನ ಬಳಿಯ ಕಿನ್ನಿಕಂಬಳದ ಕೆ. ಪಿ. ರಾವ್ ಇದೇ ಸಂಸ್ಥೆಯಲ್ಲಿದ್ದು, ಮುಂದೆ ಮುಂಬಯಿಯ ಟಾಟಾ ಪ್ರೆಸ್ಸಿನಲ್ಲಿ ಭಾರತೀಯ ಲಿಪಿಗಳ ಅಕ್ಷರಜೋಡಣೆಗೆ ದುಡಿದವರು. ಇಂದು ‘ನುಡಿ’ಯಲ್ಲಿ ಕನ್ನಡ ಕುಟ್ಟುವವರ ಬೆರಳುಗಳು ಓಡಾಡುವುದು ಅವರು ಹಾಕಿಕೊಟ್ಟ ಕೀಲಿಮಣೆಯ ದಾರಿಯಲ್ಲಿ. ನಮ್ಮ ಕಂಪ್ಯೂಟರಣ್ಣನ ಅಂಗಡಿಯ ಹಿಂಬದಿಯ ಮೇಜಿನಲ್ಲಿ ಡಿಟಿಪಿ ಮಾಡುತ್ತಿದ್ದ ಹುಡುಗಿಗೂ ಅದೇ ದಾರಿ.

ಆ ಮೇಜಿಗೆ ಸಂಘದವರ ಕೆಲಸ ಬರುತ್ತಿತ್ತು. ಮುಂಬಯಿ ಕನ್ನಡಿಗರಲ್ಲಿ ಸಂಘಗಳಿಗೆ ಬರವಿಲ್ಲ. ‘ಮೊಗವೀರ’, ‘ಅಕ್ಷಯ’, ‘ನೇಸರು’ ಮುಂತಾಗಿ ಸಂಸ್ಥೆಗಳು ತಮ್ಮದೇ ಪತ್ರಿಕೆ ನಡೆಸಿಕೊಂಡು ಬಂದ ಊರಿದು. ಪತ್ರಿಕೆ ಇಲ್ಲದ ಸಂಘಕ್ಕೂ ವಾರ್ಷಿಕೋತ್ಸವಕ್ಕೊಂದು ಸ್ಮರಣ ಸಂಚಿಕೆ ಬೇಕು, ಅದರಲ್ಲಿ ಹೋಟೆಲಿನವರ ಜಾಹೀರಾತು ಬೇಕು. ಕಾರ್ಯಕ್ರಮ ನಾಳಿದ್ದು ಎನ್ನುವಾಗ ಡಿಸ್ಕು ‘ಟಕ್ ಟಕ್’ ಎನ್ನುವುದೂ ಒಂದು ಸಂಪ್ರದಾಯವೇ ಆಗಿತ್ತೋ ಏನೋ. ಆಗ ಆ ಡಿಸ್ಕನ್ನು ಬಿಚ್ಚಿ, ಹಿಂಬದಿಯ ಜಂಪರ್ ಬದಲಿಸಿ ‘ಸ್ಲೇವ್’ ಮಾಡಿ, ಅಗಲವಾದ ಪಟ್ಟಿ ಕೇಬಲಿನ ಕೆಂಪು ಗೆರೆ ಯಾವ ಬದಿಗೆ ಎಂದು ಟಾರ್ಚು ಹಿಡಿದು ನೋಡಿ, ಇನ್ನೊಂದು ಕಂಪ್ಯೂಟರಿಗೆ ಸೇರಿಸಿ, ಅದು ಉಸಿರಾಡುವಷ್ಟು ಹೊತ್ತಿನೊಳಗೆ ಫೈಲುಗಳನ್ನು ಎತ್ತಿಕೊಳ್ಳಬೇಕು. ಮೊದಲು ಯಾವುದನ್ನು ಎತ್ತುವುದು ಎಂಬ ಪ್ರಶ್ನೆಯಲ್ಲಿ ಮನುಷ್ಯರ ಗುಣ ಗೊತ್ತಾಗುತ್ತದೆ ಎನ್ನುತ್ತಾರೆ ಅವರು. ಒಬ್ಬ ಅಧ್ಯಕ್ಷರು ತಮ್ಮ ಫೋಟೋ ಇರುವ ಪುಟ ಮೊದಲು ಬರಲಿ ಎಂದರಂತೆ. ಕಾರ್ಯದರ್ಶಿಗೆ ಬೇಕಾದದ್ದು ಜಾಹೀರಾತಿನ ಲೆಕ್ಕದ ಫೈಲು.

ಲೆಕ್ಕ ಎಂದಾಗ ಟ್ಯಾಲಿ. ಬೆಂಗಳೂರಿನಲ್ಲಿ 1986ರಲ್ಲಿ ಶ್ಯಾಮಸುಂದರ ಗೋಯೆಂಕಾ ಮತ್ತು ಅವರ ಮಗ ಭರತ್ ಹುಟ್ಟುಹಾಕಿದ ಆ ಸಾಫ್ಟ್‌ವೇರು ಬೊರಿವಲಿಯ ಗುಜರಾತಿ ಅಂಗಡಿಯವರಿಂದ ಹಿಡಿದು ಉಡುಪಿ ಹೋಟೆಲಿನವರವರೆಗೆ ಎಲ್ಲರ ಗಲ್ಲೆಯನ್ನೂ ಹೊಕ್ಕಿತ್ತು. ಮಾರ್ಚ್ ಕೊನೆ ಬಂತೆಂದರೆ ಅಂಗಡಿಯ ಮುಂದೆ ಸಿಪಿಯು ಡಬ್ಬಿಗಳ ಸಾಲು. ಒಂದು ವರ್ಷದ ಲೆಕ್ಕವಿಡೀ ಒಂದೇ ಡಿಸ್ಕಿನಲ್ಲಿ, ನಕಲು ಎಲ್ಲಿ ಎಂದು ಕೇಳಿದರೆ ‘ಅದರಲ್ಲೇ ಇನ್ನೊಂದು ಫೋಲ್ಡರಿನಲ್ಲಿ ಉಂಟಲ್ಲ ಮಾರಾಯ’ ಎಂಬ ಉತ್ತರ.

2005ರ ಜುಲೈ 26. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು; ಅದೇ ಹೊತ್ತಿಗೆ ಕೊಲಾಬಾದಲ್ಲಿ ಬಿದ್ದದ್ದು ಅದರ ಹತ್ತರಲ್ಲೊಂದು ಪಾಲೂ ಅಲ್ಲ. ರಾಷ್ಟ್ರೀಯ ಉದ್ಯಾನದೊಳಗಿನ ತುಳಸಿ ಕೆರೆಯ ಕಡೆಯಿಂದ ಇಳಿದು ಬರುವ ದಹಿಸರ್ ನದಿ ಬೊರಿವಲಿ ಪೂರ್ವದ ಮನೆಗಳಿಗೆ ನುಗ್ಗಿತು. ಅದು ನದಿ ಎಂಬುದನ್ನು ಜನ ಮರೆತೇಬಿಟ್ಟಿದ್ದರು, ನಾಲೆ ಎಂದೇ ಕರೆಯುತ್ತಿದ್ದರು. ನೀರು ಇಳಿದ ಮೇಲೆ ಅವರ ಅಂಗಡಿಗೆ ಬಂದದ್ದು ಕೆಸರು ತುಂಬಿದ ಡಬ್ಬಿಗಳ ಮೆರವಣಿಗೆ. ಆಗಿನ ಡಿಸ್ಕುಗಳ ಮುಚ್ಚಳದಲ್ಲಿ ಸಾಸಿವೆ ಗಾತ್ರದ ಒಂದು ತೂತು ಇರುತ್ತಿತ್ತು, ಒಳಗಿನ ಹೊರಗಿನ ಗಾಳಿಯ ಒತ್ತಡ ಸಮವಾಗಿರಲೆಂದು. ಪಕ್ಕದಲ್ಲೇ ಇದನ್ನು ಮುಚ್ಚಬೇಡಿ ಎಂಬ ಎಚ್ಚರಿಕೆ. ನೀರು ಹೊಕ್ಕದ್ದು ಆ ತೂತಿನಿಂದ. ಜನ ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸವೇ ಎಷ್ಟೋ ಡಿಸ್ಕುಗಳ ಜೀವ ತೆಗೆಯಿತು: ಒಬ್ಬರು ಬಿಸಿಲಿಗಿಟ್ಟು ಒಣಗಿಸಿದ್ದರು, ಒಬ್ಬರು ಹೇರ್ ಡ್ರೈಯರ್ ಹಿಡಿದಿದ್ದರು, ಹೆಚ್ಚಿನವರು ‘ನೋಡುವ’ ಎಂದು ಒಮ್ಮೆ ಸ್ವಿಚ್ಚು ಹಾಕಿದ್ದರು. ನೀರು ಒಣಗಿದರೂ ಕೆಸರು ತಟ್ಟೆಯ ಮೇಲೆ ಕೂತಿರುತ್ತದೆ, ತಿರುಗಿದೊಡನೆ ಹೆಡ್ಡು ಅದಕ್ಕೆ ಬಡಿಯುತ್ತದೆ. ಒದ್ದೆಯಾಗಿಯೇ ತಂದವರ ಡಿಸ್ಕುಗಳಲ್ಲಿ ಕೆಲವು ದೊಡ್ಡ ಲ್ಯಾಬಿನ ತನಕ ಹೋಗಿ ಬದುಕಿದವು. ಮದುವೆಯ ಫೋಟೋಗಳಿದ್ದ ಡಿಸ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ನೀರು ಸಮೇತ ಕಟ್ಟಿ ತಂದ ಒಬ್ಬ ಅಮ್ಮನನ್ನು ಅವರು ಇಂದಿಗೂ ಹೊಗಳುತ್ತಾರೆ. ಆಕೆ ಅದನ್ನು ಮೀನು ತರುವ ಚೀಲದಲ್ಲಿ ತಂದಿದ್ದರು. ಅಂಗಡಿಯ ಹುಡುಗ ಮೂಗು ಮುಚ್ಚಿಕೊಂಡ.

ಇಷ್ಟರಲ್ಲಿ ತಟ್ಟೆಯಿಲ್ಲದ ನೆನಪು ಸದ್ದಿಲ್ಲದೆ ಅಂಗಡಿಯೊಳಗೆ ಬಂದು ಕೂತಿತ್ತು, ಪೆನ್‌ಡ್ರೈವಿನ ರೂಪದಲ್ಲಿ.

ಅದರ ಮೂಲ ಜಪಾನಿನ ತೋಶಿಬಾ ಕಂಪನಿಯಲ್ಲಿದೆ. ಫ್ಯೂಜಿಯೋ ಮಸುಓಕಾ ಎಂಬ ಎಂಜಿನಿಯರು 1984ರಲ್ಲಿ ಫ್ಲಾಷ್ ಮೆಮೊರಿಯನ್ನು ಜಗತ್ತಿನ ಮುಂದಿಟ್ಟರು. ಮೂರು ವರ್ಷದ ನಂತರ ಅವರ ತಂಡ ನ್ಯಾಂಡ್ ಎಂಬ ಇನ್ನೂ ಅಗ್ಗದ ಬಗೆಯನ್ನು ತಂದಿತು. ಇಂದಿನ ಫೋನು, ಪೆನ್‌ಡ್ರೈವು, ಡಿಸ್ಕಿನ ಬದಲು ಕೂರುವ ಎಸ್‌ಎಸ್‌ಡಿ ಎಲ್ಲದರಲ್ಲೂ ಇರುವುದು ಅದೇ. ಸುತ್ತಲೂ ನಿರೋಧಕ ಪದರ ಹೊದ್ದ ಒಂದು ಪುಟ್ಟ ಕೋಣೆಯೊಳಕ್ಕೆ ಎಲೆಕ್ಟ್ರಾನುಗಳನ್ನು ಒತ್ತಡ ಹಾಕಿ ತೂರಿಸುವುದು, ಅವು ಹೊರಬರಲಾರದೆ ಅಲ್ಲೇ ಉಳಿಯುವುದು, ಇವೆಯೋ ಇಲ್ಲವೋ ಎಂದು ಹೊರಗಿನಿಂದಲೇ ತಿಳಿದುಕೊಳ್ಳುವುದು. ಇಷ್ಟೇ ತತ್ತ್ವ. ಬೀಜ 1967ರಲ್ಲೇ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಬಿದ್ದಿತ್ತು, ಡಾವನ್ ಕಾಂಗ್ ಮತ್ತು ಸೈಮನ್ ಝೀ ಕೈಯಲ್ಲಿ. ಮಸುಓಕಾಗೆ ಸಿಕ್ಕ ಮರ್ಯಾದೆ ಮಾತ್ರ ನಮ್ಮ ಕಡೆಯ ಕತೆಯಂತೆಯೇ ಇದೆ. ತನ್ನ ಪಾಲು ಕೇಳಿ ಅವರು ತಮ್ಮದೇ ಹಳೆಯ ಕಂಪನಿಯ ಮೇಲೆ ಕೋರ್ಟಿಗೆ ಹೋಗಬೇಕಾಯಿತು, 2006ರಲ್ಲಿ 8.7 ಕೋಟಿ ಯೆನ್‌ಗೆ ರಾಜಿಯಾಯಿತು. ಜಗತ್ತಿನ ಪ್ರತಿ ಜೇಬಿನಲ್ಲೂ ಇರುವ ವಸ್ತುವಿಗೆ ಅದು ಚಿಲ್ಲರೆ ಕಾಸು.

ಡಿಸ್ಕಿನ ಜಾಗಕ್ಕೇ ಫ್ಲಾಷ್ ಕೂರಿಸುವ ಸಾಹಸ ಮೊದಲು ಮಾಡಿದವರಲ್ಲಿ ಸನ್‌ಡಿಸ್ಕ್ ಒಂದು. ಎಲಿ ಹರಾರಿ, ಜ್ಯಾಕ್ ಯುಆನ್, ಕಾನ್ಪುರದಲ್ಲಿ ಹುಟ್ಟಿದ ಸಂಜಯ್ ಮೆಹ್ರೋತ್ರಾ 1988ರಲ್ಲಿ ಕಟ್ಟಿದ ಆ ಕಂಪನಿಯೇ ಮುಂದೆ ಸ್ಯಾನ್‌ಡಿಸ್ಕ್ ಆದದ್ದು. 1991ರಲ್ಲಿ ಐಬಿಎಂಗೆ ಅದು ಕೊಟ್ಟ ಡ್ರೈವಿನ ಸಾಮರ್ಥ್ಯ 20 ಎಂಬಿ, ಬೆಲೆ ಸುಮಾರು 1000 ಡಾಲರ್. 2008ರಲ್ಲಿ ಇಂಟೆಲ್ 80 ಜಿಬಿಯ ಡ್ರೈವನ್ನು 595 ಡಾಲರಿಗೆ ಬಿಟ್ಟಾಗಲೂ ಲ್ಯಾಮಿಂಗ್ಟನ್ ರೋಡಿನವರು ಅದನ್ನು ಗಾಜಿನ ಕಪಾಟಿನಲ್ಲಿ ಆಭರಣದಂತೆ ಇಟ್ಟಿದ್ದರು, ಕೇಳಲು ಬಂದವರಿಗೆ ಮುಟ್ಟಲು ಕೊಡುತ್ತಿರಲಿಲ್ಲ.

ಅಗ್ಗದ ಮಾಲು ಬೀದಿಯಲ್ಲಿತ್ತು. ಬೊರಿವಲಿ ಸ್ಟೇಷನ್ನಿನ ಹೊರಗೆ ಟವೆಲು ಹಾಸಿ ಮಾರುತ್ತಿದ್ದ ಪೆನ್‌ಡ್ರೈವುಗಳ ಮೇಲೆ 64 ಜಿಬಿ ಎಂದು ಅಚ್ಚಾಗಿರುತ್ತಿತ್ತು, ಕಂಪ್ಯೂಟರಿಗೆ ಸಿಕ್ಕಿಸಿದರೂ 64 ಎಂದೇ ತೋರಿಸುತ್ತಿತ್ತು. ಒಳಗಿದ್ದದ್ದು 8. ನಿಯಂತ್ರಕ ಚಿಪ್ಪಿಗೆ ಸುಳ್ಳು ಹೇಳಲು ಕಲಿಸಿದ್ದರು. ಎಂಟು ತುಂಬಿದ ಮೇಲೆ ಬಂದದ್ದನ್ನೆಲ್ಲ ಹಳೆಯದರ ಮೇಲೆಯೇ ಬರೆದು ಕೂರುತ್ತಿತ್ತು. ತಿರುಗುವ ಡಿಸ್ಕಿನಲ್ಲಿ ಈ ಬಗೆಯ ಮೋಸ ಇಷ್ಟು ಸುಲಭವಿರಲಿಲ್ಲ ಎಂಬುದು ಕಂಪ್ಯೂಟರಣ್ಣನ ಮೊದಲ ದೂರು. ಕೈಯಲ್ಲಿ ತೂಗಿ ನೋಡಿದರೆ ಡಿಸ್ಕು ತನ್ನ ಬಗ್ಗೆ ಏನಾದರೂ ಹೇಳುತ್ತಿತ್ತು, ಇದು ಹೇಳುವುದಿಲ್ಲ.

2011ರ ಕೊನೆಯಲ್ಲಿ ಇನ್ನೊಂದು ನೆರೆ, ಈ ಸಲ ಥಾಯ್ಲೆಂಡಿನಲ್ಲಿ. ಅಯುತ್ಥಯಾ ಪ್ರಾಂತದ ಕೈಗಾರಿಕಾ ವಸಾಹತುಗಳು ಮುಳುಗಿದವು, ಅವುಗಳಲ್ಲಿ ವೆಸ್ಟರ್ನ್ ಡಿಜಿಟಲ್ ಕಾರ್ಖಾನೆಯೂ ಹೆಡ್ಡಿನ, ಮೋಟರಿನ ಭಾಗ ಮಾಡುವವರೂ ಇದ್ದರು. ಕೆಲವೇ ವಾರಗಳಲ್ಲಿ ಡಿಸ್ಕಿನ ಬೆಲೆ ದುಪ್ಪಟ್ಟು. ದಿನಕ್ಕೊಂದು ರೇಟು ಹೇಳುವ ಲ್ಯಾಮಿಂಗ್ಟನ್ ರೋಡಿನ ವ್ಯಾಪಾರಿಗಳು ಬೆಳಿಗ್ಗೆಗೊಂದು ಸಂಜೆಗೊಂದು ಹೇಳತೊಡಗಿದರು. ಡಿಸ್ಕು ಅಗ್ಗ, ಎಸ್‌ಎಸ್‌ಡಿ ದುಬಾರಿ ಎಂಬ ಲೆಕ್ಕ ಮೊದಲ ಬಾರಿ ಅಲುಗಾಡಿದ್ದು ಆಗ.

ಆದರೂ ಬೊರಿವಲಿಯಲ್ಲಿ ಎಸ್‌ಎಸ್‌ಡಿ ನಿಜವಾಗಿ ಕಾಲೂರಿದ್ದು ಜಿಎಸ್‌ಟಿಯೊಂದಿಗೆ ಎನ್ನಬೇಕು. 2017ರ ಜುಲೈ 1ರಿಂದ ಬಿಲ್ಲು ಮಾಡುವ ಪದ್ಧತಿಯೇ ಬದಲಾಯಿತು, ಸಾಫ್ಟ್‌ವೇರು ಹೊಸದಾಯಿತು, ಅದಕ್ಕೆ ವಿಂಡೋಸ್ ಹೊಸದು ಬೇಕಾಯಿತು. ಹಳೆಯ ಡಿಸ್ಕಿನ ಮೇಲೆ ವಿಂಡೋಸ್ 10 ಹಾಕಿದರೆ ಡಿಸ್ಕಿನ ಬಳಕೆ ನೂರಕ್ಕೆ ನೂರು ಎಂದು ತೋರಿಸಿ ಕಂಪ್ಯೂಟರು ಕಲ್ಲಾಗಿ ಕೂರುತ್ತಿತ್ತು. ಗಲ್ಲೆಯಲ್ಲಿ ಕೂತ ಶೆಟ್ರಿಗೆ ಪಾರ್ಸೆಲ್ಲಿನವರು ಕ್ಯೂ ನಿಂತದ್ದು ಕಾಣುತ್ತಿದೆ, ಬಿಲ್ಲು ಬರುತ್ತಿಲ್ಲ.

‘ಹೊಸ ಕಂಪ್ಯೂಟರೇ ತೆಗೆಯಬೇಕಾ ಮಾರಾಯ?’

‘ಬೇಡ ಶೆಟ್ರೇ. ಇದು ಮಾತ್ರ ಬದಲಿಸುವ.’

ಕಿಸೆಯಿಂದ ತೆಗೆದದ್ದು ಹಗುರವಾದ, ತೆಳ್ಳನೆಯ ಡಬ್ಬಿ. ಹಳೆಯ ಡಿಸ್ಕಿನಲ್ಲಿದ್ದುದನ್ನೆಲ್ಲ ಅದಕ್ಕೆ ನಕಲಿಸಿ, ಕೇಬಲು ಬದಲಿಸಿ, ಸ್ವಿಚ್ಚು ಹಾಕಿದರು. ಸ್ವಿಚ್ಚು ಹಾಕಿ ಸ್ನಾನಕ್ಕೆ ಹೋಗಿ ಬರುವ ಅಭ್ಯಾಸವಿದ್ದ ಶೆಟ್ರು ಟವೆಲು ಹೆಗಲಿಗೆ ಹಾಕುವಷ್ಟರಲ್ಲಿ ಪರದೆ ತಯಾರಾಗಿತ್ತು. ತೋಳಿಲ್ಲ, ಸುತ್ತಿಲ್ಲ, ಹೀಗಾಗಿ ಕಾಯುವುದಿಲ್ಲ: ತಟ್ಟೆಯ ಡಿಸ್ಕು ಸೆಕೆಂಡಿಗೆ ನೂರು ಚೂರು ಹೆಕ್ಕುವಲ್ಲಿ ಸಾಮಾನ್ಯ ಎಸ್‌ಎಸ್‌ಡಿ ಹತ್ತಾರು ಸಾವಿರ ಹೆಕ್ಕುತ್ತದೆ. ಆ ವರ್ಷ ಮತ್ತು ಮುಂದಿನ ವರ್ಷ ಬೊರಿವಲಿಯಲ್ಲಿ ಎಷ್ಟೋ ಮುದಿ ಕಂಪ್ಯೂಟರುಗಳಿಗೆ ಹರೆಯ ಬಂತು. ಹೊಸ ಕಂಪ್ಯೂಟರು ಮಾರುವ ಅಂಗಡಿಯವರಿಗೆ ಮಾತ್ರ ಇವರ ಮೇಲೆ ಸಿಟ್ಟು.

ಎಸ್‌ಎಸ್‌ಡಿಯ ಒಳಗುಟ್ಟು ಅವರಿಗೆ ಬಿಡಿಸಿ ಹೇಳಿದ್ದು ಅಕ್ಕನ ಮಗಳು. ನಿಟ್ಟೆಯಲ್ಲಿ ಎಂಜಿನಿಯರಿಂಗ್ ಓದಿ, ಬೆಂಗಳೂರಿನಲ್ಲಿ ಫ್ಲಾಷ್ ಡ್ರೈವುಗಳ ಫರ್ಮ್‌ವೇರ್ ಬರೆಯುವ ಕೆಲಸ. ಈ ಉದ್ಯಮದ ದೊಡ್ಡ ಕಂಪನಿಗಳಲ್ಲಿ ಹಲವಕ್ಕೆ ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರಗಳಿವೆ. ಮಾವ ಸ್ಕ್ರೂಡ್ರೈವರಿನಿಂದ ಮಾಡಿದ್ದನ್ನು ಸೊಸೆ ಕೋಡಿನಿಂದ ಮಾಡುತ್ತಾಳೆ. ರಜೆಗೆ ಬೊರಿವಲಿಗೆ ಬಂದಾಗ ಮಾವ ಕೇಳಿದರು, ‘ಇದರಲ್ಲಿ ಬರೆದಷ್ಟೂ ಸವೆಯುತ್ತದಂತೆ, ಹೌದಾ?’

‘ಹೌದು ಮಾವ. ಎಲೆಕ್ಟ್ರಾನು ಒಳಗೆ ಹೊರಗೆ ತೂರಿಸಿದ ಹಾಗೆ ಗೋಡೆ ಸವೆಯುತ್ತದೆ. ಒಂದು ಕೋಣೆಯಲ್ಲಿ ಮೂರು ಬಿಟ್ ಇಡುವ ಜಾತಿಯದ್ದು ಸಾವಿರದಿಂದ ಮೂರು ಸಾವಿರ ಸಲ ತಡೆಯಬಹುದು. ಅದಕ್ಕೇ ನಾವು ಒಂದೇ ಜಾಗದಲ್ಲಿ ಬರೆಯಲು ಬಿಡುವುದಿಲ್ಲ, ಎಲ್ಲ ಕಡೆ ಹಂಚುತ್ತೇವೆ.’

ಅಳಿಸುವ ಕಟ್ಟಳೆಯನ್ನು ಅವಳು ಹೇಳಿದ ಮೇಲೆ ಅವರು ಗಿರಾಕಿಗಳಿಗೆ ಹೋಟೆಲಿನ ಭಾಷೆಯಲ್ಲಿ ತಿಳಿಸತೊಡಗಿದರು. ಆರು ಜನ ಕೂರುವ ಮೇಜು, ಒಬ್ಬ ಎದ್ದುಹೋದನೆಂದು ಅವನ ಮುಂದಿನಷ್ಟನ್ನೇ ಒರೆಸಿ ಹೊಸಬನನ್ನು ಕೂರಿಸುವ ಹಾಗಿಲ್ಲ, ಒರೆಸಿದರೆ ಇಡೀ ಮೇಜು. ಹಾಗಾಗಿ ಇನ್ನೂ ಉಣ್ಣುತ್ತಿರುವ ಇಬ್ಬರನ್ನು ಎಲೆ ಸಮೇತ ಬೇರೆ ಮೇಜಿಗೆ ಎಬ್ಬಿಸಿ, ಆಮೇಲೆ ಇದನ್ನು ಒರೆಸಬೇಕು. ಡ್ರೈವು ತುಂಬಿ ತುಳುಕಿದರೆ ನಿಧಾನವಾಗುವುದು ಇದಕ್ಕೇ: ಎಬ್ಬಿಸಿ ಕೂರಿಸಲು ಖಾಲಿ ಮೇಜು ಬೇಕಲ್ಲ. ಯಾರು ಎದ್ದುಹೋದರು ಎಂಬುದನ್ನು ಕಂಪ್ಯೂಟರು ಡ್ರೈವಿಗೆ ತಿಳಿಸುವ ಆಜ್ಞೆಗೆ ಟ್ರಿಮ್ ಎಂದು ಹೆಸರು, 2009ರ ವಿಂಡೋಸ್ 7ರಿಂದ ಅದು ವಿಂಡೋಸ್‌ನಲ್ಲಿ ಬಂತು.

ಅದೇ ಟ್ರಿಮ್ ಅವರ ಕಸುಬಿನ ಒಂದು ಕಾಲು ಮುರಿಯಿತು. ತಟ್ಟೆಯ ಡಿಸ್ಕಿನಲ್ಲಿ ಫೈಲು ಅಳಿಸಿದರೆ ಅಳಿಯುತ್ತಿದ್ದದ್ದು ಅದರ ವಿಳಾಸ ಮಾತ್ರ. ಮಗ ಗೇಮ್ ಹಾಕಲು ಜಾಗವಿಲ್ಲವೆಂದು ಅಪ್ಪನ ಲೆಕ್ಕವನ್ನೇ ಅಳಿಸಿದರೂ, ಮೇಲೆ ಬೇರೇನೂ ಬರೆಯದಿದ್ದರೆ ಮರಳಿ ತೆಗೆಯಬಹುದಿತ್ತು. ಎಸ್‌ಎಸ್‌ಡಿಯಲ್ಲಿ ಅಳಿಸಿದ ಸುದ್ದಿ ತಿಳಿದೊಡನೆ ಡ್ರೈವು ತಾನಾಗಿ ಒರೆಸಿ ಮುಗಿಸಿರುತ್ತದೆ.

ಇನ್ನು ಸಾವು. ಡಿಸ್ಕು ಸಾಯುವ ಮೊದಲು ಹೇಳುತ್ತಿತ್ತು; ಎಲ್ಲವೂ ಅಲ್ಲ, ಬಹಳಷ್ಟು. ವಾರಗಟ್ಟಲೆ ನರಳುತ್ತಿತ್ತು, ಫೈಲು ತೆರೆಯಲು ತಡವರಿಸುತ್ತಿತ್ತು, ಬ್ಯಾಡ್ ಸೆಕ್ಟರ್ ಲೆಕ್ಕ ಏರುತ್ತಿತ್ತು. ಎಸ್‌ಎಸ್‌ಡಿಗಳು ಡಿಸ್ಕಿಗಿಂತ ಕಡಿಮೆ ಕೆಡುತ್ತವೆ ಎಂಬುದರಲ್ಲಿ ಅವರಿಗೆ ಅನುಮಾನವಿಲ್ಲ. ಲೋಕಲ್ ರೈಲಿನ ಗುದ್ದಿಗೆ ಅವು ಹೆದರುವುದಿಲ್ಲ, ಲ್ಯಾಪ್‌ಟಾಪು ಮೇಜಿನಿಂದ ಬಿದ್ದರೂ ಲೆಕ್ಕ ಉಳಿಯುತ್ತದೆ. ಆದರೆ ನಿಯಂತ್ರಕ ಚಿಪ್ಪು ಕೈಕೊಟ್ಟರೆ ರಾತ್ರಿ ಸರಿಯಿದ್ದದ್ದು ಬೆಳಿಗ್ಗೆ ಇಲ್ಲ. ಹಾಗೊಬ್ಬ ಸಿಎ ಓದುವ ಹುಡುಗಿ ತಂದ ಡ್ರೈವಿಗೆ ಅಭ್ಯಾಸಬಲದಿಂದ ಸ್ಕ್ರೂಡ್ರೈವರ್ ಊರಿ ಕಿವಿ ಕೊಟ್ಟರು. ಅವಳು ನಕ್ಕಳು, ಇವರೂ ನಕ್ಕರು. ಬಯೋಸ್ ಪರದೆಯಲ್ಲಿ ಆ ಡ್ರೈವಿನ ಹೆಸರೇ ಇರಲಿಲ್ಲ. ಲ್ಯಾಬೊಂದರವರು ಹೇಳಿದ ರೇಟು ಕೇಳಿ ಅವಳು ನೋಟ್ಸನ್ನು ಹೊಸದಾಗಿ ಬರೆಯುವುದೇ ವಾಸಿ ಎಂದಳು.

2020ರಲ್ಲಿ ಲಾಕ್‌ಡೌನ್ ಸಡಿಲವಾದ ಕೂಡಲೇ ಎಷ್ಟೋ ಸಂಸಾರಗಳು ಬೊರಿವಲಿಯ ಮನೆಗೆ ಬೀಗ ಜಡಿದು ಊರಿಗೆ ಹೋದವು. ಆ ಹೊತ್ತಿಗೆ ವಾಟ್ಸಾಪಿನಲ್ಲಿ ಒಂದು ಸುದ್ದಿ ಓಡಾಡಿತು, ಕರೆಂಟು ಕೊಡದೆ ಒಂದು ವರ್ಷ ಇಟ್ಟರೆ ಎಸ್‌ಎಸ್‌ಡಿಯಲ್ಲಿದ್ದದ್ದು ಆವಿಯಾಗುತ್ತದೆ ಎಂದು. ಅದಕ್ಕೆ ಒಂದು ಎಳೆ ಸತ್ಯದ ಆಧಾರವಿದೆ. ಈ ಉದ್ಯಮದ ಮಾನಕಗಳನ್ನು ನಿಗದಿಮಾಡುವ ಜೆಡೆಕ್ ಸಂಸ್ಥೆ ಮನೆಬಳಕೆಯ ಡ್ರೈವು ಕರೆಂಟಿಲ್ಲದೆ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವರ್ಷ ಮಾಹಿತಿ ಹಿಡಿದಿರಬೇಕು ಎನ್ನುತ್ತದೆ. ಆದರೆ ಆ ಮಾತು ಬರೆಯುವ ಮಿತಿಯನ್ನೆಲ್ಲ ಮುಗಿಸಿ ಮುದಿಯಾದ ಡ್ರೈವಿನದು. ಹೊಸತು ಅದಕ್ಕಿಂತ ಎಷ್ಟೋ ಹೆಚ್ಚು ಕಾಲ ಹಿಡಿಯುತ್ತದೆ. ಊರಿನಿಂದ ಮರಳಿದವರ ಕಂಪ್ಯೂಟರು ಶುರುವಾಗದೆ ಬಂದಾಗ ಸಿಕ್ಕ ಕಾರಣ ಬೇರೆಯೇ. ಬೊರಿವಲಿಯ ಮಳೆಗಾಲದ ತೇವಕ್ಕೆ ರ‍್ಯಾಮ್ ಪಟ್ಟಿಯ ಹೊಂಬಣ್ಣದ ಕಾಲುಗಳ ಮೇಲೆ ಮಬ್ಬು ಕೂತಿತ್ತು. ಶಾಲೆಯ ಮಕ್ಕಳ ಪೆನ್ಸಿಲ್ ರಬ್ಬರಿನಿಂದ ತಿಕ್ಕಿ ಹಾಕಿದರೆ ಸರಿ. ಈ ವಿದ್ಯೆ ಭಾರತದ ಪ್ರತಿ ಗಲ್ಲಿಯ ಮೆಕ್ಯಾನಿಕ್‌ಗೂ ಗೊತ್ತು, ಯಾವ ಕೋರ್ಸಿನಲ್ಲೂ ಕಲಿಸುವುದಿಲ್ಲ.

ಹಾಗಾದರೆ ತಿರುಗುವ ತಟ್ಟೆ ಸತ್ತಿತೇ? ಇಲ್ಲ, ಮನೆ ಬದಲಿಸಿತು. ಒಂದು ಜಿಬಿಗೆ ಇಷ್ಟು ಎಂದು ಲೆಕ್ಕ ಹಾಕಿದರೆ ದೊಡ್ಡ ಸಂಗ್ರಹಕ್ಕೆ ಇವತ್ತಿಗೂ ಅದೇ ಅಗ್ಗ. ಏರೋಲಿ, ಮಹಾಪೆಯ ಕಡೆ ಎದ್ದಿರುವ ಡೇಟಾ ಸೆಂಟರುಗಳಂಥ ಕಡೆ, ಹೀಲಿಯಂ ತುಂಬಿ ಮುಚ್ಚಿದ ದೊಡ್ಡ ಡಿಸ್ಕುಗಳು ಸಾಲುಸಾಲಾಗಿ ತಿರುಗುತ್ತವೆ. ನಾವು ‘ಕ್ಲೌಡಿನಲ್ಲಿದೆ’ ಎನ್ನುವ ಫೋಟೋಗಳಲ್ಲಿ ಬಹುಪಾಲು ಇರುವುದು ಅಂಥ ಕಬ್ಬಿಣದ ಡಬ್ಬಿಗಳಲ್ಲಿ. ಬೊರಿವಲಿಯೊಳಗೆ ಡಿಸ್ಕಿಗೆ ಉಳಿದ ದೊಡ್ಡ ಗಿರಾಕಿ ಹೌಸಿಂಗ್ ಸೊಸೈಟಿ. ಪ್ರತಿ ಕಟ್ಟಡದ ವಾಚ್‌ಮನ್ ಕ್ಯಾಬಿನ್ನಿನಲ್ಲೂ ಒಂದು ಸಿಸಿಟಿವಿ ಡಬ್ಬಿ, ಅದರಲ್ಲೊಂದು ಹಗಲಿರುಳು ಬರೆಯುತ್ತಲೇ ಇರುವ ಡಿಸ್ಕು. ಸದಾ ಬರೆಯುವ ಕೆಲಸಕ್ಕೆ ಸವೆಯುವ ಫ್ಲಾಷ್ ಯಾಕೆ ಎಂದು ಸೊಸೈಟಿಯ ಗುಜರಾತಿ ಕಾರ್ಯದರ್ಶಿಗೆ ವಿವರಿಸಬೇಕಾಯಿತು. ಆತನಿಗೆ ಎಸ್‌ಎಸ್‌ಡಿಯೇ ಬೇಕಿತ್ತು. ಗುಜರಾತಿನ ಸಾಣಂದದಲ್ಲಿ ಮೈಕ್ರಾನ್ ಕಂಪನಿಯ ಮೆಮೊರಿ ಕಾರ್ಖಾನೆ ಬರುತ್ತದೆಂದು 2023ರಲ್ಲಿ ಪ್ರಕಟವಾದಾಗಿನಿಂದ ಆತ ಅದನ್ನು ತನ್ನ ಊರಿನ ಬೆಳೆ ಎಂದೇ ತಿಳಿದಿದ್ದ.

ಇನ್ನೊಂದು ಗಿರಾಕಿ ಯಕ್ಷಗಾನ. ಪತ್ತನಾಜೆಗೆ ಮೇಳಗಳ ತಿರುಗಾಟ ಮುಗಿದ ಮೇಲೆ ಮಳೆಗಾಲದಲ್ಲಿ ಕಲಾವಿದರ ತಂಡಗಳು ಮುಂಬಯಿಗೆ ಬರುವುದು ಹಳೆಯ ರೂಢಿ. ಆ ಆಟಗಳನ್ನೂ ತಾಳಮದ್ದಲೆಗಳನ್ನೂ ವಿಡಿಯೋ ಮಾಡಿಡುವ ಹುಚ್ಚಿನ ಒಬ್ಬರು ಕಂಪ್ಯೂಟರಣ್ಣನ ಖಾಯಂ ಗಿರಾಕಿ. ಮಿನಿಡಿವಿ ಕ್ಯಾಸೆಟ್ಟಿನ ಕಾಲದಲ್ಲಿ ಒಂದು ಗಂಟೆಯ ಚಿತ್ರಕ್ಕೆ ಸುಮಾರು 13 ಜಿಬಿ. ಐದು ಗಂಟೆಯ ಒಂದು ಪ್ರಸಂಗಕ್ಕೆ 80 ಜಿಬಿಯ ಡಿಸ್ಕು ಬಹುಪಾಲು ಭರ್ತಿ. ಈಗ ಅವರು ಎಡಿಟಿಂಗ್ ಮಾಡುವುದು 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದದ ಒಂದು ಎಸ್‌ಎಸ್‌ಡಿ ಪಟ್ಟಿಯ ಮೇಲೆ, ಇಡುವುದು ತಿರುಗುವ ಡಿಸ್ಕಿನಲ್ಲಿ. ಅದೂ ಎರಡು ಪ್ರತಿ: ಒಂದು ಬೊರಿವಲಿಯಲ್ಲಿ, ಇನ್ನೊಂದು ಉಡುಪಿಯ ಕಡೆಯ ಅಣ್ಣನ ಮನೆಯಲ್ಲಿ. ಮೊನ್ನೆ ಎರಡು ಹೊಸ ಡಿಸ್ಕು ಕೊಳ್ಳಲು ಬಂದಾಗ ಎರಡನ್ನೂ ಚಾಲೂ ಮಾಡಿಸಿ, ಸ್ಕ್ರೂಡ್ರೈವರ್ ತಾವೇ ಕೇಳಿ ಪಡೆದು ಕಿವಿಗಿಟ್ಟುಕೊಂಡರು. ಸದ್ದು ಸರಿಯಿದೆ ಎಂದು ತಲೆಯಾಡಿಸಿ, ಮೇಳದ ಹೆಸರು, ಪ್ರಸಂಗ, ಇಸವಿ ಬರೆಯಲು ಮಾರ್ಕರ್ ಪೆನ್ನು ಕೇಳಿದರು. ಆಮೇಲೆ ಬಿಲ್ಲು ನೋಡಿ, ಯಕ್ಷಗಾನಕ್ಕೂ ನೂರಕ್ಕೆ 18 ಜಿಎಸ್‌ಟಿಯಾ ಮಾರಾಯ್ರೆ ಎಂದು ಚೌಕಾಶಿಗೆ ಕೂತರು.